‘ಗೋರಾ’ ಕಾದಂಬರಿಯ ಜನ್ಮರಹಸ್ಯವೂ ಉಪಸಂಹಾರವೂ

ರವೀಂದ್ರನಾಥ ಠಾಕೂರರ ‘ಗೋರಾ’ ಕಾದಂಬರಿಯು ರಾಮಾನಂದ ಚಟ್ಟೋಪಾಧ್ಯಾಯರ ‘ಪ್ರವಾಸೀ’ ಎಂಬ ವಂಗ ಮಾಸಪತ್ರಿಕೆಯಲ್ಲಿ 1907ರಿಂದ ಕ್ರಮವಾಗಿ ಪ್ರಕಟವಾಗಿ, 1910ರಲ್ಲಿ ಗ್ರಂಥರೂಪವನ್ನು ತಾಳಿತು. ಇದನ್ನು ಮತವಿಚಾರದ ವಾದಗ್ರಂಥವೆಂದು ಓದುವವರೇ ಹೆಚ್ಚು. ಬ್ರಾಹ್ಮಸಮಾಜದವರಿಗೂ ಆಚಾರನಿಷ್ಠರಿಗೂ ನಡೆಯುವ ಚರ್ಚೆ ಇದರಲ್ಲಿ ಹೇರಳವಾಗಿರುವುದು ನಿಜ. ಕೆಲವೆಡೆ ಬೇಕಾದುದಕ್ಕಿಂತ ಮಿಗಿಲಾಗಿಯೇ ಇದೆ. ಆದರೆ ಕಥೆಯ ಬೀಜವು ವಾದದಲ್ಲಿಲ್ಲ, ಒಂದು ಮನೆಯವರು ಬಚ್ಚಿಟ್ಟ ಗುಟ್ಟಿನಲ್ಲಿದೆ.

1857ರ ದಂಗೆಯ ಕಾಲದಲ್ಲಿ ಇಟಾವಾದಲ್ಲಿದ್ದ ಕೃಷ್ಣದಯಾಲನ ಮನೆಗೆ ಬಿಳಿಯ ಹೆಂಗಸೊಬ್ಬಳು ರಾತ್ರಿಯಲ್ಲಿ ಮರೆಹೊಕ್ಕು, ಗಂಡುಮಗುವನ್ನು ಹೆತ್ತು ಪ್ರಾಣಬಿಟ್ಟಳು. ಐರ್ಲೆಂಡಿನವನಾದ ಅವಳ ಗಂಡನು ಅದಕ್ಕೆ ಮೊದಲೇ ದಂಗೆಯಲ್ಲಿ ಮಡಿದಿದ್ದನು. ಮಕ್ಕಳಿಲ್ಲದ ಆನಂದಮಯಿಯು ಆ ಶಿಶುವನ್ನು ಮಡಿಲಿಗೆ ತೆಗೆದುಕೊಂಡಂದೇ ತನ್ನ ಮಡಿಯನ್ನು ಬಿಟ್ಟಳು. ಗಂಡನಾದರೋ, ಯೌವನದಲ್ಲಿ ಆಚಾರವನ್ನು ತೊರೆದು ನಡೆದವನು, ಮುಪ್ಪಿನಲ್ಲಿ ಕಠೋರ ಕರ್ಮಠನಾದನು. ಗೋರನು ಏನನ್ನೂ ಅರಿಯದೆ ಉಗ್ರ ಆಚಾರವಂತನಾಗಿ ಬೆಳೆದನು. ಸಿಡುಬಿನಲ್ಲಿ ತನ್ನನ್ನು ಉಪಚರಿಸಿ ಉಳಿಸಿದ ಲಛಮಿಯಾ ಎಂಬ ಕ್ರೈಸ್ತ ದಾಸಿಯು ನೀರು ಮುಟ್ಟುವಳೆಂದು ಅವನು ತಾಯಿಯ ಕೋಣೆಯಲ್ಲಿ ಉಣ್ಣನು; ಗೆಳೆಯನಾದ ವಿನಯನನ್ನೂ ಉಣ್ಣಗೊಡನು.

ಕವಿಯು ಈ ರಹಸ್ಯವನ್ನು ವಾಚಕರಿಗೆ ಮೊದಲ ಅಧ್ಯಾಯಗಳಲ್ಲಿಯೇ ತಿಳಿಸಿಬಿಡುತ್ತಾನೆ. ಆದುದರಿಂದ ಗೋರನ ಪ್ರೌಢೋಕ್ತಿಗಳನ್ನು ವಾಚಕರು ಒಂದು ಬಗೆಯ ಕನಿಕರದಿಂದಲೇ ಕೇಳಬೇಕಾಗುತ್ತದೆ. ಭಾರತದ ಕರ್ಣನ ನೆನಪು ಇಲ್ಲಿ ಸಹಜವಾದುದು. ಆದರೆ ಅಲ್ಲಿ ಹೆತ್ತವಳು ಲಜ್ಜೆಯಿಂದ ಮುಚ್ಚಿಟ್ಟಳು; ಇಲ್ಲಿ ಹೆರದವಳು ಮಗನನ್ನು ಕಳೆದುಕೊಳ್ಳುವ ಭಯದಿಂದ ಮುಚ್ಚಿಟ್ಟಳು. ಕರ್ಣನಿಗೆ ತಿಳಿದುದು ಬೇಗುದಿಗೆ ಕಾರಣವಾಯಿತು, ಗೋರನಿಗೆ ತಿಳಿದುದು ಬಿಡುಗಡೆಗೆ.

ಕಿರಿಯರಿಗೂ ಹಿರಿಯರಿಗೂ ಇರುವ ಸ್ನೇಹವು ಈ ಕಾದಂಬರಿಯ ಜೀವಾಳ. ತಾಯಿಯಿಲ್ಲದ ವಿನಯನಿಗೆ ಆನಂದಮಯಿಯೇ ತಾಯಿ. ಬ್ರಾಹ್ಮಸಮಾಜದ ಪರೇಶಬಾಬು ತನ್ನ ಸಾಕುಮಗಳು ಸುಚರಿತೆಗೆ ಗುರುವಿನಂತಲ್ಲ, ಜತೆಗಾರನಂತೆ ಇದ್ದಾನೆ. ಮಗಳು ಲಲಿತೆಯು ವಿನಯನನ್ನು ವರಿಸಿದಾಗ ಅವನು ಸಮಾಜದವರ ದ್ವೇಷವನ್ನು ತಲೆಯ ಮೇಲೆ ಹೊತ್ತನು. ಈ ಇಬ್ಬರು ವೃದ್ಧರು ಉಪದೇಶಿಸುವುದು ಅತ್ಯಲ್ಪ. ಕಾದಿರುವುದೇ ಅವರ ಕೆಲಸ.

ಗೋರನ ಮನಸ್ಸು ಮೊದಲು ಅಲುಗಿದುದು ಘೋಷಪುರದಲ್ಲಿ. ನೀಲಿಯ ಕೊಠಿಯವರ ಹಿಂಸೆಗೆ ಸಿಕ್ಕಿದ ಮುಸಲ್ಮಾನ ರೈತರ ಹಳ್ಳಿಯದು. ಅಲ್ಲಿಯ ಹಿಂದೂ ನಾಪಿತನೊಬ್ಬನು ಸೆರೆಯಾದ ರೈತನ ಮಗನನ್ನು ತನ್ನ ಮನೆಯಲ್ಲಿ ಸಾಕುತ್ತಿದ್ದನು. ಆ ಮನೆಯ ನೀರನ್ನು ಮುಟ್ಟಲಾರದೆ ಗೋರನು ಬಾಯಾರಿದವನಾಗಿಯೇ ಕೊಠಿಯ ಬ್ರಾಹ್ಮಣ ಅಧಿಕಾರಿಯಲ್ಲಿಗೆ ಹೋದನು. ಪೀಡಕನ ಮನೆಯಲ್ಲಿ ಶುದ್ಧಿಯನ್ನು ಉಳಿಸಿಕೊಳ್ಳುವುದೇ ಅಧರ್ಮವೆಂದು ತೋರಲು ನಾಪಿತನ ಮನೆಗೇ ಹಿಂದಿರುಗಿದನು. ಆನಂದಮಯಿ ಮಾಡಿದುದನ್ನೇ ಆ ನಾಪಿತನೂ ಮಾಡಿದ್ದನೆಂಬುದು ಆಗ ಅವನಿಗೆ ತಿಳಿಯದು. ವಾಚಕರಿಗೆ ತಿಳಿದಿದೆ.

ಉಪಸಂಹಾರದ ಚರಿತ್ರೆಯು ಗಮನಾರ್ಹವಾದುದು. ಸೋದರಿ ನಿವೇದಿತೆಯು ಶಿಲಾಯಿದಹದಲ್ಲಿ ಅತಿಥಿಯಾಗಿದ್ದಾಗ ಆಕೆಯ ಕೋರಿಕೆಯಂತೆ ಕವಿಯು ಇದಕ್ಕೆ ಬಹಳ ಹತ್ತಿರವಾದ ಕಥೆಯೊಂದನ್ನು ಕಟ್ಟಿ ಹೇಳಿದನು. ಅದರಲ್ಲಿ ಪರದೇಶದ ಜನ್ಮವು ಬಯಲಾದೊಡನೆ ಸುಚರಿತೆಯೂ ಗೋರನನ್ನು ತ್ಯಜಿಸುತ್ತಾಳೆ. ನಿವೇದಿತೆ ಕೋಪಗೊಂಡಳು. ಆಕೆಯೂ ಐರ್ಲೆಂಡಿನಲ್ಲಿ ಹುಟ್ಟಿದವಳು, ಭಾರತವನ್ನು ತನ್ನದೆಂದು ಭಾವಿಸಿದವಳು. ಈ ಸಂಗತಿಯನ್ನು ಕವಿಯೇ 1922ರಲ್ಲಿ ಪಿಯರ್ಸನ್ನರಿಗೆ ಬರೆದ ಕಾಗದದಲ್ಲಿ ತಿಳಿಸಿದ್ದಾನೆ; ಅವರ ಇಂಗ್ಲಿಷ್ ಅನುವಾದವು 1924ರಲ್ಲಿ ಹೊರಬಂದಿತು. ಅಚ್ಚಾದ ಕಥೆಯಲ್ಲಿ ಆ ತ್ಯಾಗವಿಲ್ಲ. 1905ರ ವಂಗವಿಭಜನೆಯನ್ನೂ 1907ರ ಹಿಂದೂ ಮುಸಲ್ಮಾನ ಕಲಹಗಳನ್ನೂ ಕಂಡ ಕವಿಗೆ, ಹೊರದೂಡುವ ಮುಕ್ತಾಯಕ್ಕಿಂತ ಸೇರಿಸಿಕೊಳ್ಳುವ ಮುಕ್ತಾಯವೇ ಕಠಿಣವಾದ ಸತ್ಯವಾಗಿ ಕಂಡಿತೆನ್ನುವುದು ಯುಕ್ತವಾಗಿದೆ.

ರಹಸ್ಯವು ಒಡೆಯುವುದು ಕೃಷ್ಣದಯಾಲನ ರೋಗಶಯ್ಯೆಯಲ್ಲಿ, ಅದೂ ಗೋರನ ಪ್ರಾಯಶ್ಚಿತ್ತಕ್ಕೆಂದು ಗೊತ್ತಾದ ದಿನ. ಈ ಮಗನು ತನಗೆ ಶ್ರಾದ್ಧಮಾಡಬಾರದೆಂಬ ಭಯವೇ ಅವನ ಬಾಯನ್ನು ತೆರೆಸಿತು. ಸತ್ಯದ ಮೇಲಣ ಪ್ರೀತಿಯಲ್ಲ. ಗೋರನು ಪರೇಶಬಾಬುವಿನಲ್ಲಿಗೆ ಹೋಗಿ, ಎಲ್ಲ ಜಾತಿಗಳಿಗೂ ಸೇರಿದ ದೇವರ ಮಂತ್ರವನ್ನು ಬೇಡುತ್ತಾನೆ. ಅನಂತರ ತಾಯಿಯ ಬಳಿಗೆ ಬರುತ್ತಾನೆ. ಗುಟ್ಟನ್ನು ಇಟ್ಟವಳು ಅವಳು. ಆದರೂ ಕ್ಷಮೆಯು ಬೇಕಾಗಿದ್ದುದು ಅವನಿಗೇ. ಅವನು ಅದನ್ನು ಮಾತಿನಿಂದ ಬೇಡುವುದಿಲ್ಲ, ಲಛಮಿಯಾಳನ್ನು ಕರೆದು ನೀರು ತರಿಸೆನ್ನುತ್ತಾನೆ. ಕೃಷ್ಣದಯಾಲನಿಗೆ ಮಗನ ಕ್ಷಮೆ ದೊರೆಯಿತೇ ಎಂಬ ವಿಚಾರವನ್ನು ಕವಿಯು ಎತ್ತುವುದೇ ಇಲ್ಲ.