ಜಾಲತಾಣದ ವಚನಗಳಿಗೆ ಆಕರನಿರ್ದೇಶನ

ಕಳೆದ ಮಳೆಗಾಲದಲ್ಲಿ ನಮ್ಮ ಕುಕ್ಕುವಾಡಕ್ಕೆ ಸಮೀಪದ ಹಳ್ಳಿಯ ವಿದ್ಯಾರ್ಥಿನಿಯೊಬ್ಬಳು ಸ್ನಾತಕೋತ್ತರ ಪದವಿಗಾಗಿ ತಾನು ಬರೆದ ಪ್ರಬಂಧವನ್ನು ತಿದ್ದಿಕೊಡಬೇಕೆಂದು ನನ್ನಲ್ಲಿಗೆ ತಂದಳು. ವಿಷಯ ಬಸವಣ್ಣನವರ ಭಕ್ತಿನಿಷ್ಠೆ. ಭಾಷೆ ಶುದ್ಧವಾಗಿದ್ದಿತು, ವಿಚಾರಸರಣಿಯೂ ತಕ್ಕಮಟ್ಟಿಗೆ ಕ್ರಮಬದ್ಧವಾಗಿದ್ದಿತು. ಆದರೆ ಉದ್ಧರಿಸಿದ 14 ವಚನಗಳಿಗೂ ಅಡಿಟಿಪ್ಪಣಿಯಲ್ಲಿದ್ದುದು ‘ಅಂತರ್ಜಾಲ’ ಎಂಬ ಒಂದೇ ಶಬ್ದ. “ಯಾವ ತಾಣದಿಂದ ತೆಗೆದುಕೊಂಡೆಯಮ್ಮಾ?” ಎಂದು ಕೇಳಿದೆ. “ಮೊಬೈಲಿಗೆ ಬಂದದ್ದು, ಮೇಷ್ಟ್ರೇ” ಎಂದಳು. ಅವಳನ್ನು ಗದರಿಸುವ ಅಧಿಕಾರ ನನಗಿರಲಿಲ್ಲ. ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಕಾಲದಲ್ಲಿ ನಾನೂ ಗೋಡೆಯ ಕ್ಯಾಲೆಂಡರಿನಲ್ಲಿ ಅಚ್ಚಾದ ವಚನವನ್ನು ಹಿಂದುಮುಂದು ನೋಡದೆ ಕಪ್ಪುಹಲಗೆಯ ಮೇಲೆ ಬರೆಸಿದವನೇ.

ವಚನದ ಕೊನೆಯ ಅಂಕಿತವೇ ಅದರ ಆಕರವೆಂದು ಅನೇಕರು ತಿಳಿದಿದ್ದಾರೆ. ಕರ್ತೃವನ್ನು ಗುರುತಿಸಲು ಅಂಕಿತ ಬಹುಮಟ್ಟಿಗೆ ಸಹಾಯಕವೆಂಬುದು ನಿಜ; ಆದರೆ ಪ್ರತಿಕಾರನ ಕೈಯಲ್ಲಿ ಅದರಷ್ಟು ಸುಲಭವಾಗಿ ಕೆಡುವುದು ಬೇರೊಂದಿಲ್ಲ. ಬಸವಣ್ಣನವರದು ಕೂಡಲಸಂಗಮದೇವ, ಚೆನ್ನಬಸವಣ್ಣನವರದು ಕೂಡಲಚೆನ್ನಸಂಗಮದೇವ. ನಡುವಿನ ‘ಚೆನ್ನ’ ಎಂಬ ಎರಡಕ್ಷರ ಜಾರಿದರೆ ಸೋದರಳಿಯನ ಮಾತು ಸೋದರಮಾವನದಾಗುತ್ತದೆ. ನೀಲಾಂಬಿಕೆಯ ಅಂಕಿತ ಬರಿಯ ಸಂಗಯ್ಯ. ಅದರ ಹಿಂದೆ ‘ಕೂಡಲ’ ಎಂದು ಸೇರಿಸುವ ಚಪಲ ಯಾರಿಗೆ ಬಾರದು? ವಚನರಾಶಿ ದೊಡ್ಡದಾಗಿರುವ ಬಸವಣ್ಣನವರಿಗೆ ಒಂದು ವಚನ ಹೆಚ್ಚಿದರೂ ಕಡಿಮೆಯಾದರೂ ಅವರ ಕೀರ್ತಿಗೆ ಕುಂದಿಲ್ಲ. ಸೂಳೆ ಸಂಕವ್ವೆಯಂಥವರ ಸ್ಥಿತಿ ಹಾಗಲ್ಲ. ನಿರ್ಲಜ್ಜೇಶ್ವರ ಎಂಬ ಅಂಕಿತದಲ್ಲಿ ಆಕೆಯದೆಂದು ನಮಗೆ ಉಳಿದಿರುವುದು ಒಂದೇ ವಚನ. ಅದು ಅನ್ಯರ ಹೆಸರಿಗೆ ಸಂದರೆ, ಆ ಶರಣೆ ಸಾಹಿತ್ಯಚರಿತ್ರೆಯಿಂದಲೇ ಮರೆಯಾದಂತೆ.

ಈ ತೊಡಕು ಯಂತ್ರಯುಗದ್ದಲ್ಲ. 15ನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಶೂನ್ಯಸಂಪಾದನೆಯನ್ನು ರಚಿಸಿದಾಗ ಬಿಡಿವಚನಗಳನ್ನು ಸಂವಾದರೂಪಕ್ಕೆ ಅಳವಡಿಸಿದನು. ಅನಂತರದ ಸಂಕಲನಕಾರರು ಅದನ್ನು ಪರಿಷ್ಕರಿಸುತ್ತ ಹೋದರು. ಆದುದರಿಂದ ಅಲ್ಲಿಂದ ಎತ್ತಿದ ವಚನಕ್ಕೆ ಯಾವ ಸಂಪಾದನೆಯದೆಂದು ಹೇಳದಿದ್ದರೆ ಪಾಠ ನಿರ್ಣಯವಾಗದು. ಡಾ. ಫ.ಗು. ಹಳಕಟ್ಟಿಯವರು ಮನೆಮನೆಯ ಓಲೆಗರಿಗಳನ್ನು ಕೂಡಿಸಿ 1923ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಪ್ರಕಟಿಸಿದರು. 1926ರಲ್ಲಿ ಶಿವಾನುಭವ ಪತ್ರಿಕೆಯನ್ನು ಆರಂಭಿಸಿದರು. ಮುಂದೆ ಡಾ. ಎಂ.ಎಂ. ಕಲಬುರ್ಗಿಯವರ ಪ್ರಧಾನ ಸಂಪಾದಕತ್ವದಲ್ಲಿ ಕರ್ನಾಟಕ ಸರ್ಕಾರವು 1993ರಲ್ಲಿ ಸಮಗ್ರ ವಚನ ಸಂಪುಟದ 15 ಸಂಪುಟಗಳನ್ನು ಹೊರತಂದಿತು. ಅಲ್ಲಿ ಪ್ರತಿಯೊಂದು ವಚನಕ್ಕೂ ಸಂಖ್ಯೆಯುಂಟು. ಆದರೆ ಒಂದು ಆವೃತ್ತಿಯ ಸಂಖ್ಯೆ ಮತ್ತೊಂದರ ಸಂಖ್ಯೆಗೆ ಹೊಂದಬೇಕೆಂಬ ನಿಯಮವಿಲ್ಲವಾಗಿ, ಗ್ರಂಥವನ್ನೂ ಸಂಪುಟವನ್ನೂ ಹೇಳದೆ ಸಂಖ್ಯೆಯೊಂದನ್ನೇ ಕೊಡುವುದು ಬೀದಿಯನ್ನು ಹೇಳದೆ ಮನೆಯ ನಂಬರು ಹೇಳಿದಂತೆ.

ಶಾಸನಗಳ ವಿಷಯದಲ್ಲಿ ಹಿಂದಿನವರು ಈ ಶಿಸ್ತನ್ನು ಚೆನ್ನಾಗಿ ಪಾಲಿಸಿದರು. ಬಿ.ಎಲ್. ರೈಸರ ಎಪಿಗ್ರಾಫಿಯಾ ಕರ್ನಾಟಿಕಾದಲ್ಲಿ ಸಂಪುಟ, ತಾಲೂಕು, ಶಾಸನಸಂಖ್ಯೆ ಎಂಬ ಮೂರು ಅಂಶಗಳಿಂದ ಯಾವ ಶಾಸನವನ್ನಾದರೂ ಇಂದಿಗೂ ಹುಡುಕಬಹುದು. 1224ರಲ್ಲಿ ಪೋಲಾಳ್ವ ದಂಡನಾಥನು ಕಟ್ಟಿಸಿದ ಹರಿಹರೇಶ್ವರ ದೇವಾಲಯದ ಶಾಸನಗಳನ್ನು ಬಯಸುವವರು ಚಿತ್ರದುರ್ಗದ 11ನೆಯ ಸಂಪುಟವನ್ನು ನೋಡಬೇಕು. ದಾವಣಗೆರೆ ಪ್ರತ್ಯೇಕ ಜಿಲ್ಲೆಯಾದುದು 1997ರಲ್ಲಿ. ಈಗ ಇಂಥ ಹಳೆಯ ಸಂಪುಟಗಳ ಪುಟಚಿತ್ರಗಳು ಇಂಟರ್ನೆಟ್ ಆರ್ಕೈವಿನಲ್ಲಿ ದೊರೆಯುತ್ತವೆ. ಪುಟಚಿತ್ರವನ್ನು ಕಂಡವನು ಮುದ್ರಿತ ಗ್ರಂಥವನ್ನೇ ಕಂಡಂತೆ. ಗ್ರಂಥದ ವಿವರದೊಡನೆ ತಾಣದ ಹೆಸರನ್ನು ಸೇರಿಸಿದರೆ ಸಾಕು. ಹೊಸದಾಗಿ ಬೆರಳಚ್ಚು ಮಾಡಿದ ಪಠ್ಯವಾದರೋ ಮತ್ತೊಂದು ಪ್ರತಿಯೇ ಸರಿ. ಹಳೆಯ ಅಕ್ಷರವಿನ್ಯಾಸದಿಂದ ಯೂನಿಕೋಡಿಗೆ ಪರಿವರ್ತಿಸುವಾಗ ಒತ್ತಕ್ಷರ, ಅರ್ಕಾವತ್ತುಗಳು ಸ್ಥಾನ ತಪ್ಪುವುದುಂಟು.

ವಚನಗಳಿಗೆ ‘ವಚನ ಸಂಚಯ’ವೆಂಬ ತಾಣವಿದೆ. ಓ.ಎಲ್. ನಾಗಭೂಷಣಸ್ವಾಮಿಯವರ ಮಾರ್ಗದರ್ಶನದಲ್ಲಿ ತಂತ್ರಜ್ಞಾನ ಬಲ್ಲ ಕನ್ನಡದ ಯುವಕರು ರೂಪಿಸಿದ ಈ ತಾಣದಲ್ಲಿ 20,000ಕ್ಕೂ ಮೇಲ್ಪಟ್ಟ ವಚನಗಳಿದ್ದು, ಒಂದು ಶಬ್ದದಿಂದಲೇ ಹುಡುಕುವ ಸೌಕರ್ಯವಿದೆ. ನನ್ನ ಕಾಲದಲ್ಲಿ ಪದಸೂಚಿಗಾಗಿ ವಾರಗಟ್ಟಲೆ ಪುಟ ತಿರುವುತ್ತಿದ್ದುದನ್ನು ನೆನೆದರೆ ಇದು ಸಾಮಾನ್ಯ ಉಪಕಾರವಲ್ಲ.

ಅಲ್ಲಿಂದ ಉದ್ಧರಿಸುವಾಗ ವಚನಕಾರರ ಹೆಸರು ಮತ್ತು ಅಂಕಿತ, ತಾಣದ ಹೆಸರು, ಆ ವಚನವಿರುವ ಪುಟದ ಪೂರ್ಣ ವಿಳಾಸ, ನೋಡಿದ ದಿನಾಂಕ ಇಷ್ಟನ್ನೂ ಬರೆಯಬೇಕು. ದಿನಾಂಕವೇಕೆಂದು ಆ ವಿದ್ಯಾರ್ಥಿನಿ ಕೇಳಿದಳು. ಓಲೆಯ ಪ್ರತಿಕಾರನು ಗ್ರಂಥಾಂತ್ಯದಲ್ಲಿ ಸಂವತ್ಸರ, ಮಾಸ, ತಿಥಿಗಳನ್ನು ಬರೆದಿಡುತ್ತಿದ್ದನಲ್ಲವೆ? ಜಾಲದ ಪುಟವನ್ನು ನಾಳೆ ತಿದ್ದಬಹುದು, ಅಳಿಸಲೂಬಹುದು. ನಾವು ಕಂಡ ಪಾಠ ಯಾವ ದಿನದ್ದೆಂಬುದಕ್ಕೆ ನಮ್ಮ ಟಿಪ್ಪಣಿಯೇ ಸಾಕ್ಷಿ. ಮುದ್ರಿತ ಸಂಪುಟದೊಡನೆ ಹೋಲಿಸಿದ್ದರೆ ಅದರ ಸಂಪುಟ, ವಚನಸಂಖ್ಯೆಗಳನ್ನೂ ಕೊಡಬೇಕು. ಹೋಲಿಸದೆ ಕೊಡಬಾರದು. ತಾಣದಲ್ಲಿ ಓದಿ, ಟಿಪ್ಪಣಿಯಲ್ಲಿ ಕಲಬುರ್ಗಿಯವರ ಸಂಪುಟವನ್ನು ಹೆಸರಿಸುವ ಚಾಳಿ ವಿದ್ವಾಂಸರಲ್ಲಿಯೂ ಇದೆ. ಇದನ್ನು ನಾನು ಅಸತ್ಯವೆಂದೇ ಕರೆಯುತ್ತೇನೆ.

ಮೂರು ಸಂಜೆ ಕುಳಿತು ಆ 14 ವಚನಗಳನ್ನು ಪರಿಶೀಲಿಸಿದೆವು. 12 ಬಸವಣ್ಣನವರವು. ಒಂದು ಚೆನ್ನಬಸವಣ್ಣನವರದು, ‘ಚೆನ್ನ’ ಬಿಟ್ಟುಹೋಗಿದ್ದಿತು. ಉಳಿದ ಒಂದು ತಾಣದಲ್ಲಿಯೂ ಸಿಗಲಿಲ್ಲ, ನನ್ನಲ್ಲಿರುವ ಸಂಪುಟಗಳಲ್ಲಿಯೂ ಸಿಗಲಿಲ್ಲ. ಅವಳ ಪ್ರಬಂಧ ಮುಗಿಯುತ್ತಿದ್ದುದು ಅದರಿಂದಲೇ. ಬಹಳ ಹೊತ್ತು ಸುಮ್ಮನಿದ್ದು, ತಾನೇ ಲೇಖನಿ ತೆಗೆದು ಆ ನಾಲ್ಕು ಸಾಲುಗಳ ಮೇಲೆ ಗೆರೆ ಎಳೆದಳು.