ಅಟ್ಟ ಗುಡಿಸುವ ಕಾಲ

ವಿಜಯದಶಮಿ ಕಳೆದ ಮೇಲೆ ನೀರು ತುಂಬುವ ಹಬ್ಬದವರೆಗೆ ಪಂಚಾಂಗದ ಲೆಕ್ಕದಲ್ಲಿ ಹದಿನೆಂಟು ತಿಥಿಗಳು. ನಡುವೆ ಸೀಗೆ ಹುಣ್ಣಿಮೆಯೊಂದು ಬಂದು ಹೋಗುತ್ತದೆ. ಉಳಿದಂತೆ ಈ ದಿನಗಳಿಗೆ ಹೇಳಿಕೊಳ್ಳುವಂಥ ಮಹತ್ವವೇನೂ ಇಲ್ಲ. ಆದರೆ ಮನೆಯ ಹೆಂಗಸರನ್ನು ಕೇಳಿ ನೋಡಿ: ವರ್ಷದಲ್ಲಿ ಸೊಂಟ ಮುರಿಯುವ ದಿನಗಳು ಇವೇ ಎನ್ನುತ್ತಾರೆ. ದಸರೆಯ ಗೊಂಬೆಗಳನ್ನು ಒಂದೊಂದಾಗಿ ಹಳೆಯ ಪಂಚೆಯ ಚೂರಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬಬೇಕು. ಪೆಟ್ಟಿಗೆ ಅಟ್ಟಕ್ಕೆ ಏರಬೇಕು. ಅದು ಏರಬೇಕಾದರೆ ಅಟ್ಟದಲ್ಲಿ ಜಾಗ ಆಗಬೇಕು. ಜಾಗ ಆಗಬೇಕಾದರೆ ಅಲ್ಲಿರುವುದೆಲ್ಲ ಒಮ್ಮೆ ಕೆಳಗೆ ಇಳಿಯಬೇಕು. ಹೇಗೂ ಏಣಿ ಹಾಕಿದ್ದಾಗಿದೆ, ಮಳೆಗಾಲದ ತೇವಕ್ಕೆ ಎಲ್ಲವೂ ಬೂಷ್ಟು ಹಿಡಿದಿದೆ, ದೀಪಾವಳಿಗೆ ಸುಣ್ಣ ಬಳಿಯುವುದೂ ಇದೆ. ಹೀಗೆ ಒಂದು ಗೊಂಬೆಯ ಪೆಟ್ಟಿಗೆಯ ನೆಪದಲ್ಲಿ ಇಡೀ ಮನೆಯೇ ಅಂಗಳಕ್ಕೆ ಬಂದು ನಿಲ್ಲುತ್ತಿತ್ತು.

ಈ ಅಟ್ಟ ಗುಡಿಸುವ ಕೆಲಸಕ್ಕೂ ಕನ್ನಡ ಸಾಹಿತ್ಯದ ಚರಿತ್ರೆಗೂ ನಂಟುಂಟು ಎಂದರೆ ವಾಚಕರು ನಗಬಹುದು. ಕಾಲೇಜಿನಲ್ಲಿ ಕನ್ನಡ ಪಾಠ ಹೇಳುವವನಿಗೆ ಕಸಬರಿಕೆಯಲ್ಲೂ ಕಾವ್ಯವೇ ಕಾಣುತ್ತದೆ ಎಂದು ನಮ್ಮ ಮನೆಯಲ್ಲೇ ಹಾಸ್ಯ ಮಾಡುವುದುಂಟು. ಆದರೂ ಮಾತು ನಿಜ. ನಮ್ಮ ಹಳೆಯ ಗ್ರಂಥಗಳಲ್ಲಿ ಯಾವುದು ಉಳಿಯಿತು, ಯಾವುದು ಅಳಿಯಿತು ಎಂಬುದನ್ನು ಎಷ್ಟೋ ಸಲ ತೀರ್ಮಾನಿಸಿದವರು ಆಸ್ಥಾನದ ವಿದ್ವಾಂಸರಲ್ಲ. ಹಬ್ಬಕ್ಕೂ ಹಬ್ಬಕ್ಕೂ ನಡುವೆ ಏಣಿ ಹತ್ತಿದವರು.

ಹಿಂದಿನ ಮನೆಗಳಲ್ಲಿ ಶುಚಿ ಮಾಡುವುದೆಂದರೆ ಎಸೆಯುವುದೆಂದು ಅರ್ಥವಿರಲಿಲ್ಲ. ತೆಗೆಯುವುದು, ಕೊಡವುವುದು, ಗಾಳಿಗೋ ಬಿಸಿಲಿಗೋ ಹಾಕುವುದು, ಮತ್ತೆ ಅದೇ ಸ್ಥಳದಲ್ಲಿ ಇಡುವುದು, ಇಷ್ಟೆ. ಹುಣಸೆಹಣ್ಣು, ಕಂಬಳಿ, ಮದುವೆಗೆಂದು ಎತ್ತಿಟ್ಟ ಕೊಳದಪ್ಪಲೆ, ಬೇವಿನ ಸೊಪ್ಪು ಬೆರೆಸಿದ ಕಾಳಿನ ಮೂಟೆ, ಎಲ್ಲಕ್ಕೂ ಒಂದೇ ನ್ಯಾಯ. ಓಲೆಗರಿಯ ಕಟ್ಟಿಗೂ ಅದೇ. ಓಲೆಗರಿ ಒಮ್ಮೆ ಇಟ್ಟು ಮರೆಯುವಂಥ ವಸ್ತುವಲ್ಲ. ತಾಳೆಯ ಇಲ್ಲವೆ ಶ್ರೀತಾಳೆಯ ಗರಿಯನ್ನು ಹದ ಮಾಡಿ, ಕಂಠದ ಮೊನೆಯಿಂದ ಕೊರೆದು, ಆ ಗೀರುಗಳಿಗೆ ಮಸಿ ತಿಕ್ಕಿದರೆ ಅಕ್ಷರ ಎದ್ದು ಕಾಣುತ್ತದೆ. ಗರಿಗಳಿಗೆ ತೂತು ಮಾಡಿ ದಾರ ಪೋಣಿಸಿ, ಮೇಲೊಂದು ಕೆಳಗೊಂದು ಮರದ ಹಲಗೆ ಇಟ್ಟು, ಬಟ್ಟೆ ಸುತ್ತಿ ಬಿಗಿದರೆ ಗ್ರಂಥವಾಯಿತು. ತೇವ ತಗಲಿದರೆ ಗರಿಗೆ ಗರಿ ಅಂಟಿಕೊಳ್ಳುತ್ತದೆ. ತೀರ ಒಣಗಿದರೆ ಬಳುಕುವ ಗುಣ ಹೋಗಿ ಮುಟ್ಟಿದಲ್ಲಿ ಮುರಿಯುತ್ತದೆ. ಸುಮ್ಮನೆ ಬಿಟ್ಟರೆ ಹುಳು ಗರಿಯಿಂದ ಗರಿಗೆ ಸುರಂಗ ಕೊರೆಯುತ್ತದೆ. ಆದ್ದರಿಂದ ವರ್ಷಕ್ಕೊಮ್ಮೆಯಾದರೂ ಕಟ್ಟು ಬಿಚ್ಚಿ, ಧೂಳು ಒರೆಸಿ, ಗಾಳಿಯಾಡಿಸಿ, ತೆಳುವಾಗಿ ಎಣ್ಣೆ ಸವರಿ, ಹೊಸ ಬಟ್ಟೆಯಲ್ಲಿ ಕಟ್ಟಲೇಬೇಕು. ಅಡುಗೆಮನೆಯ ಮೇಲಿನ ಅಟ್ಟದಲ್ಲಿ ಗ್ರಂಥಗಳನ್ನು ಇಡುತ್ತಿದ್ದುದೂ ಹೊಗೆಗೆ ಹುಳು ಹತ್ತಿರ ಸುಳಿಯದೆಂಬ ತಿಳಿವಳಿಕೆಯಿಂದಲೇ. ಗ್ರಂಥ ಪ್ರತಿ ಮಾಡಿದವರು ಕೊನೆಯಲ್ಲಿ, ಇದನ್ನು ನೀರಿನಿಂದ, ಎಣ್ಣೆಯಿಂದ, ಸಡಿಲವಾದ ಕಟ್ಟಿನಿಂದ ಕಾಪಾಡಿ ಎಂದು ಬೇಡಿಕೊಳ್ಳುವ ಪದ್ಧತಿಯಿತ್ತು. ಸವರಿದರೆ ಔಷಧವಾಗುವ ಎಣ್ಣೆ ಚೆಲ್ಲಿದರೆ ವಿಷವೆಂಬುದು ಅವರಿಗೆ ಗೊತ್ತಿತ್ತು. ಮೂರ್ಖರ ಕೈಗೆ ಕೊಡಬೇಡಿ ಎಂಬ ಮಾತೂ ಆ ಪಟ್ಟಿಯಲ್ಲಿ ಸೇರುವುದುಂಟು.

ಇಂಥ ಕೆಲಸವನ್ನು ವರ್ಷದಲ್ಲಿ ಯಾವಾಗಲಾದರೂ ಮಾಡಿ ಎಂದರೆ ಯಾರೂ ಮಾಡರು, ದಿನ ಗೊತ್ತುಮಾಡಬೇಕು. ನವರಾತ್ರಿಯ ಸರಸ್ವತೀ ಪೂಜೆ ಅಂಥ ದಿನ. ಮೂಲಾ ನಕ್ಷತ್ರದಂದು ಮನೆಯ ಪುಸ್ತಕಗಳನ್ನೆಲ್ಲ ಮಣೆಯ ಮೇಲೆ ಒಟ್ಟಿ ಪೂಜಿಸುವುದು, ವಿಜಯದಶಮಿಯವರೆಗೆ ಓದಿಗೆ ರಜ. ಪೂಜೆಗೆ ಇಡುವ ಮುನ್ನ ಕಟ್ಟು ಅಟ್ಟದಿಂದ ಇಳಿಯಬೇಕು, ಧೂಳು ಹೋಗಬೇಕು. ದೇವರ ಮುಂದೆ ಕೊಳೆ ಇಡುವಂತಿಲ್ಲವಲ್ಲ! ಪೂಜೆ ಮುಗಿದ ಮೇಲೆ, ಗೊಂಬೆಗಳ ಜೊತೆಯಲ್ಲೇ ಅದೂ ಸುತ್ತಿಸಿಕೊಂಡು ಮೇಲಕ್ಕೆ ಹೋಗಬೇಕು. ಇಲ್ಲಿ ಪೂಜೆಯೆಂಬುದು ದುರಸ್ತಿಗೆ ಇಟ್ಟ ಇನ್ನೊಂದು ಹೆಸರು ಎಂದರೆ ಆಸ್ತಿಕರು ಬೇಸರಪಡಬೇಕಾಗಿಲ್ಲ.

ಜೈನರು ಈ ಕೆಲಸಕ್ಕೆ ಒಂದು ಹಬ್ಬವನ್ನೇ ಮೀಸಲಿಟ್ಟರು. ಜ್ಯೇಷ್ಠ ಶುದ್ಧ ಪಂಚಮಿ ಅವರಿಗೆ ಶ್ರುತಪಂಚಮಿ. ಪುಷ್ಪದಂತ, ಭೂತಬಲಿ ಎಂಬ ಆಚಾರ್ಯರು ಷಟ್ಖಂಡಾಗಮವನ್ನು ಬರಹಕ್ಕೆ ಇಳಿಸಿ ಮುಗಿಸಿದ ದಿನವೆಂದು ನಂಬಿಕೆ. ಅಂದು ಶಾಸ್ತ್ರಗ್ರಂಥಗಳನ್ನು ಹೊರತೆಗೆದು, ಶುಚಿ ಮಾಡಿ, ಹೊಸ ಬಟ್ಟೆಯಲ್ಲಿ ಕಟ್ಟಿ ಪೂಜಿಸುತ್ತಾರೆ. ಮುಂಗಾರು ಕಾಲಿಡುವ ಹೊತ್ತಿಗೆ ಸರಿಯಾಗಿ ಬೀಳುವ ತಿಥಿ ಇದು. ಆ ಷಟ್ಖಂಡಾಗಮಕ್ಕೆ ಒಂಬತ್ತನೆಯ ಶತಮಾನದಲ್ಲಿ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ಓಲೆಯ ಪ್ರತಿಗಳು ಉಳಿದುಬಂದದ್ದು ನಮ್ಮ ಮೂಡಬಿದಿರೆಯಲ್ಲಿ. ಭಾಷೆ ಪ್ರಾಕೃತ ಸಂಸ್ಕೃತಗಳದು, ಲಿಪಿ ಹಳಗನ್ನಡದ್ದು, ಕಾಲ ಸುಮಾರು ಹನ್ನೆರಡನೆಯ ಶತಮಾನ. ಕರಾವಳಿಯ ಆ ಮಳೆಯಲ್ಲಿ ಅಷ್ಟೊಂದು ವರ್ಷ! ಅದರಲ್ಲಿ ಎಷ್ಟೋ ಕಾಲ ಅವನ್ನು ಓದುವವರಿರಲಿಲ್ಲ. ಯಾತ್ರಿಕರಿಗೆ ದರ್ಶನ ಮಾಡಿಸಿ ಮತ್ತೆ ಒಳಗಿಡುತ್ತಿದ್ದರು. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಪ್ರತಿ ತೆಗೆಯುವ ಕೆಲಸ ಮೊದಲಾಗಿ, ೧೯೩೯ರಲ್ಲಿ ಹೀರಾಲಾಲ್ ಜೈನ್ ಅವರ ಸಂಪಾದಕತ್ವದಲ್ಲಿ ಮೊದಲ ಸಂಪುಟ ಅಚ್ಚಾಯಿತು. ಪೂಜೆಯೇ ಆ ಗ್ರಂಥಗಳನ್ನು ಸೆರೆಯಲ್ಲಿಟ್ಟಿತೆಂದು ದೂರುವವರಿದ್ದಾರೆ. ಸೆರೆಯಲ್ಲಾದರೂ ಬದುಕಿದವಲ್ಲ ಎನ್ನುವ ಪಕ್ಷ ನನ್ನದು.

ಮನೆ ಬಸದಿಯಲ್ಲ. ಅಲ್ಲಿ ಮಗು ಹುಟ್ಟುತ್ತದೆ, ಸೊಸೆ ಬರುತ್ತಾಳೆ, ಅಣ್ಣ ತಮ್ಮಂದಿರು ಪಾಲಾಗುತ್ತಾರೆ. ಪಾಲಿನಲ್ಲಿ ತಾಮ್ರದ ಹಂಡೆ ಯಾರಿಗೆಂದು ಜಗಳವಾಗುತ್ತದೆಯೇ ಹೊರತು ಓಲೆಯ ಕಟ್ಟು ಯಾರಿಗೆಂದು ಆಗುವುದಿಲ್ಲ. ಆದರೂ ಓದುವವನೊಬ್ಬ ಮನೆಯಲ್ಲಿ ಇರುವ ತನಕ ಕಟ್ಟಿಗೆ ಭಯವಿರಲಿಲ್ಲ. ಸವೆದರೆ ಆತ ಹೊಸ ಗರಿಗೆ ಪ್ರತಿ ಮಾಡುತ್ತಿದ್ದ ಅಥವಾ ಮಾಡಿಸುತ್ತಿದ್ದ. ಹಾಗೆ ಮಾಡಿದ ಮೇಲೆ ಹಳೆಯದನ್ನು ಹೊಳೆಗೆ ಬಿಡುವುದೂ ಗೌರವದ ಕೆಲಸವೇ ಆಗಿತ್ತು. ವಿದ್ಯೆಯನ್ನು ತುಳಿಯಬಾರದು, ತಿಪ್ಪೆಗೆ ಹಾಕಬಾರದು. ಆದ್ದರಿಂದ ಗಂಗೆಗೆ ಒಪ್ಪಿಸುವುದು. ಹೊಸ ಪ್ರತಿ ಮೊದಲು, ಹೊಳೆ ಆಮೇಲೆ ಎಂಬುದು ಅದರ ಕ್ರಮ.

ಈ ಕ್ರಮ ಮುರಿದದ್ದು ಅಚ್ಚಿನ ಕಾಲದಲ್ಲಿ. ಮಂಗಳೂರಿನಲ್ಲಿ ಬಾಸೆಲ್ ಮಿಷನ್ನಿನ ಮುದ್ರಣಾಲಯ ೧೮೪೧ರಲ್ಲಿ ಆರಂಭವಾಯಿತು. ಆ ಶತಮಾನ ಮುಗಿಯುವುದರೊಳಗೆ ಅಚ್ಚಿನ ಕಾವ್ಯಗಳು ಪೇಟೆಯ ಅಂಗಡಿಗಳಲ್ಲಿ ಸಿಗತೊಡಗಿದವು. ಹುಡುಗರು ಶಾಲೆಯಲ್ಲಿ ಅಚ್ಚಿನ ಅಕ್ಷರ ಕಲಿತರು. ಓಲೆಯ ಮೇಲಿನ ಬಿಡುವಿಲ್ಲದ ಸಾಲು ಅವರಿಗೆ ಇರುವೆಯ ಸಾಲಿನಂತೆ ಕಂಡಿತು. ಹೊಸ ಪ್ರತಿ ಮಾಡುವವನು ಇಲ್ಲವಾದ. ಹೊಳೆ ಮಾತ್ರ ಉಳಿಯಿತು. ಹೊಳೆಯಿಲ್ಲದ ಊರಿನಲ್ಲಿ ಬಚ್ಚಲೊಲೆ ಇತ್ತು. ನೀರು ತುಂಬುವ ಹಬ್ಬದ ರಾತ್ರಿ ಹಂಡೆ ತೊಳೆದು ತುಂಬಿದ ನೀರನ್ನು ನರಕ ಚತುರ್ದಶಿಯ ಬೆಳಗಿನ ಜಾವ ಕಾಯಿಸಬೇಕಲ್ಲ! ಎಣ್ಣೆ ಕುಡಿದ ಒಣಗರಿ ಎಷ್ಟು ಬೇಗ ಹತ್ತಿಕೊಳ್ಳುತ್ತದೆಂಬುದನ್ನು ಹೇಳಬೇಕಾಗಿಲ್ಲ.

ಇದು ನಮ್ಮಲ್ಲಿ ಮಾತ್ರ ನಡೆದದ್ದಲ್ಲ. ತಮಿಳಿನ ಮಹಾಸಂಪಾದಕ ಉ.ವೇ. ಸ್ವಾಮಿನಾಥ ಅಯ್ಯರ್ (೧೮೫೫-೧೯೪೨) ಒಂದು ದೇವಸ್ಥಾನಕ್ಕೆ ಗ್ರಂಥ ಹುಡುಕಿಕೊಂಡು ಹೋದಾಗ, ಜೀರ್ಣವಾದ ಓಲೆಗಳನ್ನು ತುಪ್ಪದಲ್ಲಿ ಅದ್ದಿ ಹೋಮದ ಬೆಂಕಿಗೆ ಅರ್ಪಿಸಿಬಿಟ್ಟೆವೆಂದು ಅಲ್ಲಿನವರು ಹೇಳಿದರಂತೆ. ಶಾಸ್ತ್ರದಲ್ಲಿ ಹಾಗೆಯೇ ಇದೆ ಎಂಬುದು ಅವರ ಸಮಾಧಾನ. ಅಯ್ಯರ್ ಇದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ.

ನಾವು ಕಳೆದುಕೊಂಡದ್ದರ ಅಂದಾಜು ಬೇಕೆಂದರೆ ಆರ್. ನರಸಿಂಹಾಚಾರ್ಯರ ಕರ್ಣಾಟಕ ಕವಿಚರಿತೆಯ ಮೂರು ಸಂಪುಟಗಳನ್ನು (೧೯೦೭, ೧೯೧೯, ೧೯೨೯) ತಿರುವಿ ನೋಡಬಹುದು. ಒಂದನೆಯ ಗುಣವರ್ಮನ ಶೂದ್ರಕ, ಹರಿವಂಶ, ಪೊನ್ನನ ಭುವನೈಕರಾಮಾಭ್ಯುದಯ, ಅಸಗನ ಕರ್ಣಾಟಕ ಕುಮಾರಸಂಭವ, ರನ್ನನ ಪರಶುರಾಮಚರಿತ. ಹೆಸರು ಗೊತ್ತು, ಕೆಲವದರ ಬಿಡಿ ಪದ್ಯಗಳೂ ಗೊತ್ತು, ಗ್ರಂಥ ಮಾತ್ರ ಇಲ್ಲ. ಎಲ್ಲವನ್ನೂ ಅಟ್ಟದ ತಲೆಗೆ ಕಟ್ಟುವುದು ನ್ಯಾಯವಲ್ಲ. ಯುದ್ಧ, ಬೆಂಕಿ, ಗೆದ್ದಲು, ಮತದ್ವೇಷ ಎಲ್ಲವೂ ತಮ್ಮ ತಮ್ಮ ಪಾಲು ತಿಂದಿವೆ. ಆದರೆ ಹತ್ತನೆಯ ಶತಮಾನದ ಅತ್ತಿಮಬ್ಬೆಗೆ ಈ ಭಯ ಆಗಲೇ ಇತ್ತು. ೯೯೩ರಲ್ಲಿ ಅಜಿತಪುರಾಣ ಬರೆದ ರನ್ನನಿಗೆ ಆಶ್ರಯ ಕೊಟ್ಟ ಆ ತಾಯಿ, ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಸಿ ಹಂಚಿದಳೆಂದು ಪ್ರಸಿದ್ಧಿ. ಅಚ್ಚಿಲ್ಲದ ಕಾಲದಲ್ಲಿ ಸಾವಿರ ಪ್ರತಿ! ಆಕೆ ಬರೆಸಿದ ಆ ಓಲೆಗಳಾವುವೂ ಇಂದು ಇಲ್ಲ. ನಮಗೆ ಬಂದಿರುವುದು ಪ್ರತಿಯ ಪ್ರತಿ. ಅತ್ತಿಮಬ್ಬೆಯನ್ನು ದಾನಚಿಂತಾಮಣಿ ಎಂದು ಹೊಗಳುತ್ತೇವೆ. ಒಂದು ಪುಸ್ತಕವನ್ನು ಒಂದೇ ಮನೆಯಲ್ಲಿ ನಂಬಿ ಇಡಬಾರದೆಂಬ ಆಕೆಯ ಲೋಕಜ್ಞಾನವನ್ನು ಅಷ್ಟಾಗಿ ಹೊಗಳಿದ್ದನ್ನು ನಾನು ಕಾಣೆ.

ಏಣಿಯ ಬುಡದಲ್ಲಿ ಸರಿಯಾದ ಹೊತ್ತಿಗೆ ಸರಿಯಾದ ಮನುಷ್ಯ ನಿಂತಿದ್ದರೆ ಏನಾಗಬಹುದೆಂಬುದಕ್ಕೂ ನಿದರ್ಶನಗಳುಂಟು. ಮೈಸೂರಿನಲ್ಲಿ ೧೮೯೧ರಲ್ಲಿ ಪ್ರಾಚ್ಯ ಗ್ರಂಥಾಲಯ ಆರಂಭವಾಯಿತು. ತಂಜಾವೂರಿನ ಕಡೆಯ ಪಂಡಿತರೊಬ್ಬರು ಅಲ್ಲಿಗೆ ಒಪ್ಪಿಸಿದ ಗ್ರಂಥಲಿಪಿಯ ಓಲೆ ಕಟ್ಟೊಂದು ಆರ್. ಶಾಮಶಾಸ್ತ್ರಿಗಳ ಕೈಗೆ ಬಂತು. ೧೯೦೫ರಲ್ಲಿ ಅವರು ಗುರುತಿಸಿದಂತೆ ಅದು ಕೌಟಿಲ್ಯನ ಅರ್ಥಶಾಸ್ತ್ರ. ೧೯೦೯ರಲ್ಲಿ ಅಚ್ಚಾಯಿತು, ಭಾರತದ ಚರಿತ್ರೆಯನ್ನು ಬರೆಯುವ ರೀತಿಯೇ ಅದರಿಂದ ಬದಲಾಯಿತು. ಆ ಪಂಡಿತರ ಮನೆಯಲ್ಲಿ ಒಂದು ವರ್ಷ ಹಬ್ಬದ ಉತ್ಸಾಹ ಹೆಚ್ಚಾಗಿದ್ದಿದ್ದರೆ?

ವಿಜಾಪುರದ ವಕೀಲ ಫ.ಗು. ಹಳಕಟ್ಟಿಯವರದು (೧೮೮೦-೧೯೬೪) ಇನ್ನೂ ದೊಡ್ಡ ಕಥೆ. ಮಠ ಮನೆಗಳನ್ನು ಅಲೆದು, ಅಟ್ಟ ಗೂಡುಗಳಲ್ಲಿ ಬಿದ್ದಿದ್ದ ವಚನದ ಕಟ್ಟುಗಳನ್ನು ಸಂಗ್ರಹಿಸಿ, ೧೯೨೩ರಲ್ಲಿ ವಚನಶಾಸ್ತ್ರಸಾರದ ಮೊದಲ ಭಾಗವನ್ನು ಹೊರತಂದರು. ೧೯೨೬ರಲ್ಲಿ ಶಿವಾನುಭವ ಪತ್ರಿಕೆ ಆರಂಭಿಸಿದರು. ಮುದ್ರಣಾಲಯಕ್ಕಾಗಿ ತಮ್ಮ ಮನೆಯನ್ನೇ ಮಾರಿದರು. ಊರವರ ಅಟ್ಟ ಕಾಯ್ದ ಮನುಷ್ಯನಿಗೆ ಸ್ವಂತ ಅಟ್ಟವೇ ಉಳಿಯಲಿಲ್ಲ.

ಕೆಲವು ವರ್ಷಗಳ ಹಿಂದೆ ನಾನೂ ನಾಲ್ಕಾರು ವಿದ್ಯಾರ್ಥಿಗಳೊಡನೆ ತೀರ್ಥಹಳ್ಳಿಯ ಕಡೆ ಓಲೆಗರಿ ಹುಡುಕಿಕೊಂಡು ಹೋಗಿದ್ದೆ. ಒಂದು ಹಳೆಯ ಮನೆಯಲ್ಲಿ ಒಂದೇ ಕಟ್ಟು ಸಿಕ್ಕಿತು: ಲಕ್ಷ್ಮೀಶನ ಜೈಮಿನಿ ಭಾರತ. ಅದರ ಪ್ರತಿಗಳು ನಾಡಿನಲ್ಲಿ ಬೇಕಾದಷ್ಟಿವೆ. ಹುಡುಗರ ಮುಖ ಸಪ್ಪಗಾಯಿತು. ಉಳಿದ ಕಟ್ಟುಗಳೆಲ್ಲ ತುಂಗೆಗೆ ಹೋದವೆಂದು ಮನೆಯ ಅಜ್ಜಿ ಹೇಳಿದರು. ಎಷ್ಟಿದ್ದವು ಅಜ್ಜಿ ಎಂದು ಕೇಳಿದೆ. ಒಂದು ಬುಟ್ಟಿ ಎಂದರು. "ಅಯ್ಯೋ, ಇಟ್ಟುಕೊಳ್ಳಬಾರದಿತ್ತೇ" ಎಂದು ಹುಡುಗನೊಬ್ಬ ಬಾಯಿಬಿಟ್ಟ.

"ಓದೋ ಗಂಡಸರೆಲ್ಲ ಪೇಟೆ ಸೇರಿದ್ರು ಮಾರಾಯ. ಪ್ರತಿ ವರ್ಷ ಇಳಿಸಿ, ಒರೆಸಿ, ಎಣ್ಣೆ ಹಚ್ಚಿ ಏರಿಸಿದ್ದು ನಾನು. ಅದರಲ್ಲಿ ಏನಿದೆ ಅಂತ ನನಗೆ ಹೇಳಿದವರು ಯಾರು?"

ಈ ಮಾತಿಗೆ ನಮ್ಮಲ್ಲಿ ಯಾರ ಬಳಿಯೂ ಉತ್ತರವಿರಲಿಲ್ಲ. ಹೆಂಗಸರ ಅಜ್ಞಾನದಿಂದ ಗ್ರಂಥಗಳು ನಾಶವಾದವೆಂದು ವಿದ್ವಾಂಸರು ಸುಲಭವಾಗಿ ಹೇಳಿಬಿಡುತ್ತಾರೆ. ಶುಚಿ ಮಾಡುವ ಭಾರ ಒಬ್ಬರಿಗೆ, ಓದುವ ಅಧಿಕಾರ ಇನ್ನೊಬ್ಬರಿಗೆ ಎಂದು ಮನೆಯ ಕೆಲಸವನ್ನು ಹಂಚಿದವರು ಯಾರೆಂಬುದನ್ನೂ ಅವರು ಬರೆಯಬೇಕು. ಆ ಒಂದು ಕಟ್ಟು ಇಷ್ಟು ಕಾಲ ಉಳಿದದ್ದು ಕಾವ್ಯಕ್ಕಾಗಿಯಲ್ಲ, ಅತ್ತೆ ಒಪ್ಪಿಸಿದ ವಸ್ತುವೆಂದು ಸೊಸೆ ಅದನ್ನು ಕಾಪಾಡಿದ್ದಕ್ಕಾಗಿ.

ಈಗ ನಗರದ ಮನೆಗಳಲ್ಲಿ ಅಟ್ಟವಿಲ್ಲ, ಸಜ್ಜೆಯಿದೆ. ಓಲೆಗರಿಯ ಜಾಗದಲ್ಲಿ ಅಜ್ಜನ ಅಂಗಡಿಯ ಲೆಕ್ಕದ ಪುಸ್ತಕ, ಇನ್‌ಲ್ಯಾಂಡ್ ಪತ್ರಗಳ ಕಟ್ಟು, ಯಾರೋ ಬರೆದಿಟ್ಟ ಹಾಡಿನ ನೋಟುಬುಕ್ಕು ಇವೆ. ದಸರೆಯಿಂದ ದೀಪಾವಳಿಯೊಳಗೆ ಹಳೇ ಪೇಪರಿನವನು ತಕ್ಕಡಿ ಹಿಡಿದು ಬಾಗಿಲಿಗೆ ಬರುತ್ತಾನೆ. ಎಲ್ಲವನ್ನೂ ಇಟ್ಟುಕೊಳ್ಳಿ ಎಂದು ನಾನು ಹೇಳಲಾರೆ. ಎರಡು ಕೋಣೆಯ ಮನೆಯಲ್ಲಿ ನಾನೂ ವಾಸವಾಗಿದ್ದೇನೆ. ತೂಕಕ್ಕೆ ಹಾಕುವ ಮೊದಲು ಮನೆಯಲ್ಲಿ ಓದಬಲ್ಲವರೊಬ್ಬರು ಅರ್ಧ ಗಂಟೆ ಜೊತೆಗೆ ಕುಳಿತರೆ ಸಾಕು. ಓಲೆಗರಿಯೇ ಸಿಕ್ಕಿದರೆ, ಅಂಟಿಕೊಂಡ ಗರಿಗಳನ್ನು ಬಿಡಿಸಲು ಹೋಗದೆ, ಬಿಸಿಲಿಗೆ ಹಾಕದೆ, ನೆರಳಿನಲ್ಲಿ ಬಟ್ಟೆ ಸುತ್ತಿ ಇಟ್ಟು, ಮೈಸೂರು ವಿಶ್ವವಿದ್ಯಾನಿಲಯಕ್ಕೋ ಹಂಪಿಯ ಕನ್ನಡ ವಿಶ್ವವಿದ್ಯಾಲಯಕ್ಕೋ ಒಂದು ಕಾಗದ ಬರೆಯಬಹುದು. ಎರಡು ಕಡೆಯೂ ಹಸ್ತಪ್ರತಿಗಳ ಸಂಗ್ರಹವಿದೆ. ಹಿರಿಯರ ವಸ್ತುವನ್ನು ಒಪ್ಪಿಸಲು ಮನಸ್ಸಿಲ್ಲದವರು ಬಲ್ಲವರಿಂದ ಒಂದೊಂದು ಗರಿಯ ಚಿತ್ರ ತೆಗೆಸಿಕೊಂಡು, ಕಟ್ಟನ್ನು ಮತ್ತೆ ಗೊಂಬೆಯ ಪೆಟ್ಟಿಗೆಯ ಪಕ್ಕದಲ್ಲೇ ಇಡಬಹುದು.