ಸರಃಶೋಷಣ: ಸುಸ್ಥಿರ ಅಭಿವೃದ್ಧಿಯೂ ಶ್ರಾವಕಾಚಾರವೂ

ಬೆಂಗಳೂರಿನ ದಕ್ಷಿಣಕ್ಕೆ ಉತ್ತರಹಳ್ಳಿಯ ಹಾದಿಯಲ್ಲಿರುವ ಚಿಕ್ಕಲಸಂದ್ರವು ಇಂದು ಮನೆಗೆ ಮನೆ ತಾಗಿ ನಿಂತಿರುವ ಬಡಾವಣೆ. ಹಿಂದೆ ಅದು ಉತ್ತರಹಳ್ಳಿ ಹೋಬಳಿಗೆ ಸೇರಿದ ಒಂದು ಹಳ್ಳಿ. ಆ ಹೆಸರಿನ ಕೊನೆಯಲ್ಲಿರುವ 'ಸಂದ್ರ'ವು 'ಸಮುದ್ರ' ಶಬ್ದದ ಸವೆದ ರೂಪವೆಂಬುದು ಸ್ಥಳನಾಮಗಳನ್ನು ಪರಿಶೀಲಿಸಿದವರ ಅಭಿಪ್ರಾಯ. ಬೊಮ್ಮಸಂದ್ರ, ಸಿಂಗಸಂದ್ರ, ಜಕ್ಕಸಂದ್ರ, ತಿಪ್ಪಸಂದ್ರ ಇವೆಲ್ಲವೂ ಅದೇ ಜಾತಿಯ ಹೆಸರುಗಳು. ಕಡಲಿನಿಂದ ಬಹುದೂರದ ಬಯಲುಸೀಮೆಯಲ್ಲಿ ಸಮುದ್ರವೆಂದರೆ ದೊಡ್ಡ ಕೆರೆ. ಹೊಯ್ಸಳರ ರಾಜಧಾನಿ ದೋರಸಮುದ್ರಕ್ಕೆ ಆ ಹೆಸರು ಬಂದದ್ದೂ ಕೆರೆಯಿಂದಲೇ. ಶ್ರವಣಬೆಳಗೊಳದ ಹೆಸರಿನೊಳಗೆ ಇರುವುದು ಬಿಳಿಯ ಕೊಳ. ಶಾಸನಗಳು ಅದನ್ನು ಧವಳಸರೋವರವೆಂದು ಕರೆದಿವೆ. ಊರುಗಳು ನೀರಿನಿಂದ ಹೆಸರು ಪಡೆಯುತ್ತಿದ್ದ ಕಾಲದಲ್ಲಿ ಅಭಿವೃದ್ಧಿಗೆ 'ಸುಸ್ಥಿರ' ಎಂಬ ವಿಶೇಷಣವನ್ನು ಬೇರೆಯಾಗಿ ಸೇರಿಸುವ ಅಗತ್ಯ ಯಾರಿಗೂ ತೋರಿರಲಾರದು.

ಆ ವಿಶೇಷಣದ ಇತಿಹಾಸ ಅಷ್ಟೇನೂ ಪ್ರಾಚೀನವಲ್ಲ. ಅದರ ಬೀಜವನ್ನು ವಿದ್ವಾಂಸರು ಜರ್ಮನಿಯ ಸ್ಯಾಕ್ಸನಿಯಲ್ಲಿ ಗುರುತಿಸುತ್ತಾರೆ. ಅಲ್ಲಿನ ಗಣಿ ಆಡಳಿತಾಧಿಕಾರಿ ಹಾನ್ಸ್ ಕಾರ್ಲ್ ಫಾನ್ ಕಾರ್ಲೊವಿಟ್ಸ್ 1713ರಲ್ಲಿ ಪ್ರಕಟಿಸಿದ ಅರಣ್ಯಶಾಸ್ತ್ರದ ಗ್ರಂಥದಲ್ಲಿ, ಕಾಡು ಮರಳಿ ಬೆಳೆಯುವಷ್ಟನ್ನೇ ಕಡಿಯಬೇಕೆಂಬ ತತ್ತ್ವವನ್ನು ಪ್ರತಿಪಾದಿಸಿದನು. ಬೆಳ್ಳಿಯ ಗಣಿಗಳಿಗೂ ಕುಲುಮೆಗಳಿಗೂ ಮರಮುಟ್ಟು ಸಾಲದೆ ಬಂದುದೇ ಅದಕ್ಕೆ ಕಾರಣವಾಗಿತ್ತೇ ಹೊರತು ಮರದ ಮೇಲಿನ ಕರುಣೆಯಲ್ಲ. 1972ರಲ್ಲಿ ಸ್ಟಾಕ್‌ಹೋಮ್‌ನಲ್ಲಿ ವಿಶ್ವಸಂಸ್ಥೆಯ ಪರಿಸರ ಸಮ್ಮೇಳನ ಸೇರಿದಾಗ ಪ್ರಧಾನಿ ಇಂದಿರಾ ಗಾಂಧಿಯವರು ಬಡ ರಾಷ್ಟ್ರಗಳ ಪರವಾಗಿ ದಾರಿದ್ರ್ಯದ ಪ್ರಶ್ನೆಯನ್ನೆತ್ತಿದರು. ಪರಿಸರ, ಬಡತನ ಎರಡನ್ನೂ ಒಂದೇ ತಕ್ಕಡಿಯಲ್ಲಿ ತೂಗುವ ಯತ್ನದಿಂದ ಹುಟ್ಟಿದ್ದು ನಾರ್ವೆಯ ಗ್ರೊ ಹಾರ್ಲೆಮ್ ಬ್ರುಂಟ್‌ಲ್ಯಾಂಡ್ ಅವರ ಅಧ್ಯಕ್ಷತೆಯ ಆಯೋಗ. ಮುಂದಿನ ಪೀಳಿಗೆಗಳು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವ ಶಕ್ತಿಗೆ ಕುಂದು ತಾರದಂತೆ ಇಂದಿನವರು ತಮ್ಮ ಅಗತ್ಯಗಳನ್ನು ಪೂರೈಸಿಕೊಳ್ಳುವುದೇ ಸುಸ್ಥಿರ ಅಭಿವೃದ್ಧಿಯೆಂದು ಅದರ 1987ರ ವರದಿ ನಿರೂಪಿಸಿತು. 1992ರ ರಿಯೊ ಸಮ್ಮೇಳನ ಈ ಮಾತನ್ನು ರಾಷ್ಟ್ರಗಳ ಬಾಯಲ್ಲಿ ಪ್ರತಿಷ್ಠಾಪಿಸಿತು. 1996ರಲ್ಲಿ ವೆಲ್ಲೂರಿನ ಚರ್ಮ ಹದಮಾಡುವ ಕಾರ್ಖಾನೆಗಳ ಪ್ರಕರಣದಲ್ಲಿ ಭಾರತದ ಸರ್ವೋಚ್ಚ ನ್ಯಾಯಾಲಯವು ಅದನ್ನು ನ್ಯಾಯತತ್ತ್ವವಾಗಿ ಅಂಗೀಕರಿಸಿತು. 2015ರಲ್ಲಿ ವಿಶ್ವಸಂಸ್ಥೆ ಅದನ್ನು 17 ಗುರಿಗಳಾಗಿ ವಿಸ್ತರಿಸಿತು. ಕನ್ನಡದಲ್ಲಿ 'ಸಮರ್ಥನೀಯ ಅಭಿವೃದ್ಧಿ' ಎಂಬ ಅನುವಾದವೂ ಬಳಕೆಗೆ ಬಂದಿತ್ತು. ಯಾವ ಕಾರ್ಯವನ್ನಾದರೂ ಸಮರ್ಥಿಸಿಕೊಳ್ಳುವುದು ಸುಲಭವಾದುದರಿಂದ 'ಸುಸ್ಥಿರ'ವೇ ನೆಲೆ ನಿಂತದ್ದು ಒಳ್ಳೆಯದಾಯಿತು.

ಆದರೂ 1987ರ ನಿರೂಪಣೆಯಲ್ಲಿ ಒಂದು ಪ್ರಶ್ನೆ ಉತ್ತರವಿಲ್ಲದೆ ಉಳಿದಿದೆ. ಅಗತ್ಯವೆಂದರೆ ಎಷ್ಟು? ಅದನ್ನು ಅಳೆಯುವವರು ಯಾರು? ವರದಿಯು ಬಡವರ ಅಗತ್ಯಕ್ಕೆ ಆದ್ಯತೆ ನೀಡಿದೆ, ಮಿತಿಗಳ ಮಾತನ್ನೂ ಆಡಿದೆ. ಆದರೆ ಉಳ್ಳವನು ಎಲ್ಲಿ ನಿಲ್ಲಬೇಕೆಂಬ ಗೆರೆಯನ್ನು ಅದು ಎಳೆಯಲಿಲ್ಲ. ಶ್ರಾವಕಾಚಾರವು ಆರಂಭವಾಗುವುದೇ ಆ ಗೆರೆಯಿಂದ. ಏಳನೆಯ ಅಂಗವಾದ ಉಪಾಸಕದಶಾಂಗದಲ್ಲಿ ಬರುವ ವಾಣಿಜ್ಯಗ್ರಾಮದ ಆನಂದ ಗೃಹಪತಿಯ ವೃತ್ತಾಂತವನ್ನು ನೋಡಬಹುದು. ನಿಧಿಯಲ್ಲಿ ನಾಲ್ಕು ಕೋಟಿ ಹೊನ್ನು, ಬಡ್ಡಿಯಲ್ಲಿ ನಾಲ್ಕು ಕೋಟಿ, ಮನೆ-ಸರಂಜಾಮಿನಲ್ಲಿ ನಾಲ್ಕು ಕೋಟಿ, ತಲಾ ಹತ್ತು ಸಾವಿರ ಗೋವುಗಳ ನಾಲ್ಕು ವ್ರಜಗಳು, ಐನೂರು ನೇಗಿಲುಗಳು: ಭಗವಾನ್ ಮಹಾವೀರರ ಸನ್ನಿಧಿಯಲ್ಲಿ ಅವನು ಇಷ್ಟಕ್ಕೆ ಪರಿಮಾಣ ಹಾಕಿಕೊಂಡನು. ಈ ಪರಿಮಾಣ ಚಿಕ್ಕದೇನಲ್ಲ. ಇದರಲ್ಲಿ ತ್ಯಾಗವೆಲ್ಲಿ ಎಂದು ಇಂದಿನ ಓದುಗನು ಕೇಳಿದರೆ ಆಶ್ಚರ್ಯವಿಲ್ಲ. ಆದರೆ ಅವನ ವ್ರತದ ಸಾರವು ಇದ್ದುದನ್ನು ಬಿಡುವುದರಲ್ಲಿಲ್ಲ, ಇನ್ನು ಬೆಳೆಸೆನೆಂಬ ನಿಶ್ಚಯದಲ್ಲಿದೆ.

ಎಷ್ಟು ಸಂಪಾದಿಸಬೇಕೆಂಬುದಷ್ಟೇ ಅಲ್ಲದೆ ಹೇಗೆ ಸಂಪಾದಿಸಬಾರದೆಂಬುದನ್ನೂ ಅದೇ ಆಗಮ ಹೇಳುತ್ತದೆ. ಅಲ್ಲಿ ಹದಿನೈದು ಕರ್ಮಾದಾನಗಳು, ಅಂದರೆ ಶ್ರಾವಕನಿಗೆ ನಿಷಿದ್ಧವಾದ ಜೀವನೋಪಾಯಗಳು, ಪರಿಗಣಿತವಾಗಿವೆ. ಕಾಡಿಗೆ ಬೆಂಕಿಯಿಡುವುದು, ವಿಷದ ವ್ಯಾಪಾರ, ದಂತದ ವ್ಯಾಪಾರ ಮೊದಲಾದವುಗಳ ಸಾಲಿನಲ್ಲಿ ಸರೋವರ, ಮಡು, ಕೆರೆಗಳನ್ನು ಬತ್ತಿಸುವುದೂ ಒಂದು. ಹನ್ನೆರಡನೆಯ ಶತಮಾನದಲ್ಲಿ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಇದನ್ನೇ ಸರಃಶೋಷವೆಂದು ಕರೆದರು. ಬರಿದಾದ ಅಂಗಳದಲ್ಲಿ ಧಾನ್ಯ ಬಿತ್ತುವುದಕ್ಕಾಗಿ ನೀರನ್ನು ಹೊರಗೆ ಹರಿಸುವುದು ಇದರ ಅರ್ಥವೆಂದು ವ್ಯಾಖ್ಯಾನಕಾರರು ತಿಳಿಸುತ್ತಾರೆ. ಇಲ್ಲಿ ಮುಂದಿನ ಪೀಳಿಗೆಯ ಮಾತೇ ಇಲ್ಲ. ಜಲಕಾಯದ ಜೀವಗಳೂ ನೀರನ್ನಾಶ್ರಯಿಸಿದ ಮೀನು, ಕಪ್ಪೆ, ಕ್ರಿಮಿಗಳೂ ಸಾಯುತ್ತವೆಂಬುದೇ ನಿಷೇಧಕ್ಕೆ ಸಾಕಾದ ಕಾರಣ. ದಿಗಂಬರ ಪರಂಪರೆಯಲ್ಲಿ ಸಮಂತಭದ್ರಾಚಾರ್ಯರ ರತ್ನಕರಂಡಕ ಶ್ರಾವಕಾಚಾರವು ನೆಲ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಕೆದಕುವುದನ್ನೂ ಸಸ್ಯಗಳನ್ನು ವ್ಯರ್ಥವಾಗಿ ಕಡಿಯುವುದನ್ನೂ ಪ್ರಮಾದಚರ್ಯೆಯೆಂದು ಅನರ್ಥದಂಡದಲ್ಲಿ ಸೇರಿಸಿದೆ.

ಒಂದು ತೊಡಕನ್ನು ಮರೆಮಾಚುವಂತಿಲ್ಲ. ಅದೇ ಹದಿನೈದರ ಪಟ್ಟಿಯಲ್ಲಿ ಸ್ಫೋಟಕರ್ಮವೂ ಇದೆ; ಕೆರೆ ಬಾವಿಗಳನ್ನು ಅಗೆಯುವ ಕಸುಬನ್ನು ಹೇಮಚಂದ್ರರು ಅದರಲ್ಲಿಯೇ ಸೇರಿಸಿದ್ದಾರೆ. ನೆಲ ಅಗೆಯುವುದೂ ಹಿಂಸೆ, ತುಂಬಿದ ನೀರನ್ನು ಬತ್ತಿಸುವುದೂ ಹಿಂಸೆ. ಹಾಗಿದ್ದರೂ ಕರ್ನಾಟಕದ ಜೈನರು ನೀರಿನ ಕಾರ್ಯದಿಂದ ದೂರ ಸರಿಯಲಿಲ್ಲ. ಬೆಳಗೊಳದ ಕಲ್ಯಾಣಿಯನ್ನು ಮೈಸೂರಿನ ಚಿಕ್ಕದೇವರಾಜ ಒಡೆಯರ ಕಾಲದಲ್ಲಿ ಕಟ್ಟಿಸತೊಡಗಿದಾಗ ಅದು ಕ್ಷೇತ್ರದ ಸೇವೆಯೆಂದೇ ಎಣಿಕೆಯಾಯಿತು. ಕಸುಬಿಗಾಗಿ ಅಗೆಯುವುದು ಬೇರೆ, ಪರಹಿತಕ್ಕಾಗಿ ಒಮ್ಮೆ ಅಗೆದು ಬಹುಕಾಲ ಕಾಪಾಡುವುದು ಬೇರೆ ಎಂಬ ವಿವೇಕವು ಆಚರಣೆಯಲ್ಲಿ ಬೆಳೆದು ಬಂದಂತೆ ಕಾಣುತ್ತದೆ. ಕಾಪಾಡುವುದಕ್ಕೆ ವ್ಯವಸ್ಥೆಯೂ ಇತ್ತು. ಕೆರೆ ಕಟ್ಟಿಸಿದವನಿಗೆ, ನೋಡಿಕೊಳ್ಳುವವನಿಗೆ ಬಿಟ್ಟ ಭೂಮಿಯನ್ನು ಶಾಸನಗಳು ಬಿತ್ತುವಟ್ಟ, ಕಟ್ಟುಗೊಡಗೆ, ದಶವಂದ ಎಂದು ಕರೆಯುತ್ತವೆ. ತೂಬು ತೆರೆಯುವುದು ನೀರುಗಂಟಿಯ ಕೆಲಸ. ಬೇಸಗೆಯಲ್ಲಿ ಎತ್ತಿದ ಹೂಳು ಹೊಲಗಳಿಗೆ ಗೊಬ್ಬರ. ಮೇಲಿನ ಕೆರೆ ಕೋಡಿ ಹರಿದರೆ ಕೆಳಗಿನ ಕೆರೆ ತುಂಬಬೇಕು. ಕಾರ್ಲೊವಿಟ್ಸ್ ಮರಕ್ಕೆ ಹೇಳಿದ ಲೆಕ್ಕವನ್ನು ಇಲ್ಲಿ ಅವನಿಗಿಂತ ಶತಮಾನಗಳ ಮೊದಲೇ ನೀರಿಗೆ ಅನ್ವಯಿಸಿದ್ದರು.

ನದಿಯಿಲ್ಲದ ದಿಬ್ಬದ ಮೇಲೆ ನಿಂತ ಬೆಂಗಳೂರು ಈ ಲೆಕ್ಕದಿಂದಲೇ ಬಾಳಿತು. ಅದು ಕೆಟ್ಟದ್ದು ಇಪ್ಪತ್ತನೆಯ ಶತಮಾನದಲ್ಲಿ. ಧರ್ಮಾಂಬುಧಿ ಎಂಬ ಹೆಸರಿನ ಕೆರೆ ಬಸ್ ನಿಲ್ದಾಣವಾಯಿತು. ಸಂಪಂಗಿ ಕೆರೆಯಲ್ಲಿ ಕಂಠೀರವ ಕ್ರೀಡಾಂಗಣ ಎದ್ದಿತು. ಕರಗದ ವಿಧಿಗಾಗಿ ಒಂದು ಚಿಕ್ಕ ಹೊಂಡ ಮಾತ್ರ ಉಳಿದಿದೆ. ಅಕ್ಕಿತಿಮ್ಮನಹಳ್ಳಿಯ ಕೆರೆ ಹಾಕಿ ಮೈದಾನವಾಯಿತು. ವ್ಯಾಖ್ಯಾನಕಾರರು ಹೇಳಿದ ಧಾನ್ಯದ ಬದಲು ಕೆರೆಯಂಗಳಗಳಲ್ಲಿ ಬಿತ್ತಿದ್ದು ನಿವೇಶನಗಳನ್ನು. 1985ರಲ್ಲಿ ಸರ್ಕಾರವು ಎನ್. ಲಕ್ಷ್ಮಣರಾವ್ ಅವರ ಅಧ್ಯಕ್ಷತೆಯಲ್ಲಿ ತಜ್ಞರ ಸಮಿತಿಯನ್ನು ನೇಮಿಸಿ, ಉಳಿದ ಕೆರೆಗಳನ್ನು ಉಳಿಸುವ ಶಿಫಾರಸುಗಳನ್ನು 1988ರಲ್ಲಿ ಒಪ್ಪಿಕೊಂಡಿತು. ಒತ್ತುವರಿಯೇನೂ ಅಲ್ಲಿಗೆ ನಿಲ್ಲಲಿಲ್ಲ, ಜೆ.ಪಿ. ನಗರದ ಸಾರಕ್ಕಿ ಕೆರೆಯಲ್ಲಿ 2015ರಲ್ಲಿ ಜಿಲ್ಲಾಡಳಿತವು ಮನೆಗಳನ್ನು ಕೆಡವಿ ತೆರವುಗೊಳಿಸಬೇಕಾಯಿತು.

ಕೆರೆಯನ್ನು ಮರೆಯುವುದು ಸಾಧ್ಯವಾದದ್ದು ನೀರು ದೂರದಿಂದ ಬಂದುದರಿಂದ. 1974ರಲ್ಲಿ ಕಾವೇರಿಯ ಮೊದಲ ಹಂತದ ನೀರು ಸುಮಾರು 100 ಕಿ.ಮೀ. ದೂರದಿಂದ ಮೇಲೇರಿ ನಗರಕ್ಕೆ ಬಂದಿತು. 2024ರ ಬೇಸಗೆಯಲ್ಲಿ ಕೊಳವೆಬಾವಿಗಳು ಬತ್ತಿ ಜನ ಟ್ಯಾಂಕರಿಗೆ ಕಾದರು. ಆ ವರ್ಷದ ಅಕ್ಟೋಬರದಲ್ಲಿ ದಿನಕ್ಕೆ 775 ದಶಲಕ್ಷ ಲೀಟರಿನ ಐದನೆಯ ಹಂತ ಉದ್ಘಾಟನೆಯಾಯಿತು. ಪ್ರತಿ ಹಂತವೂ ಅಂದಿನ ಅಗತ್ಯವನ್ನು ಪೂರೈಸಿತೆಂಬುದು ದಿಟ. ಆನಂದನಂತೆ ಪರಿಮಾಣ ಹಾಕಿದವರು ಮಾತ್ರ ಯಾರೂ ಇರಲಿಲ್ಲ.

1990ರ ಅಕ್ಟೋಬರ್ 23ರಂದು ಲಂಡನ್ನಿನ ಬಕಿಂಗ್‌ಹ್ಯಾಮ್ ಅರಮನೆಯಲ್ಲಿ, ಡಾ. ಎಲ್.ಎಂ. ಸಿಂಘ್ವಿಯವರು ರಚಿಸಿದ ಪ್ರಕೃತಿಯ ಕುರಿತ ಜೈನ ಘೋಷಣೆಯನ್ನು ರಾಜಕುಮಾರ ಫಿಲಿಪ್ ಅವರಿಗೆ ಅರ್ಪಿಸಲಾಯಿತು. ಸಮಾಜವು ಅದನ್ನು ಸಹಜವಾಗಿಯೇ ಹೆಮ್ಮೆಯಿಂದ ಸ್ಮರಿಸುತ್ತದೆ. ಜೀವಗಳ ಪರಸ್ಪರೋಪಕಾರವನ್ನು ಸಾರುವ ತತ್ತ್ವಾರ್ಥಸೂತ್ರವೂ ಸಭೆಗಳಲ್ಲಿ ಬಹುವಾಗಿ ಉದಾಹೃತವಾಗುತ್ತದೆ. ಆದರೆ ಹದಿನೈದು ಕರ್ಮಾದಾನಗಳು ಅಷ್ಟಾಗಿ ವೇದಿಕೆಯೇರುವುದಿಲ್ಲ. ಭೂಮಿಯ ವ್ಯವಹಾರ, ಕಟ್ಟಡ ನಿರ್ಮಾಣ, ಕೊಳವೆಬಾವಿ ಇವು ಇಂದು ಅನೇಕ ಶ್ರಾವಕ ಕುಟುಂಬಗಳ ನಿತ್ಯಜೀವನಕ್ಕೆ ಹತ್ತಿರವಾದ ವಿಷಯಗಳಾಗಿರುವುದು ಆ ಮೌನಕ್ಕೆ ಕಾರಣವಿರಬಹುದು. ನಿವೇಶನವೊಂದನ್ನು ಕೊಳ್ಳುವಾಗ ಕ್ರಯಪತ್ರ, ಖಾತೆಗಳನ್ನು ಪರಿಶೀಲಿಸುವಂತೆಯೇ ಹಳೆಯ ಗ್ರಾಮನಕ್ಷೆಯನ್ನು ತರಿಸಿ, ಆ ಸರ್ವೆ ನಂಬರು ಕೆರೆಯಂಗಳವೋ ರಾಜಕಾಲುವೆಯೋ ಎಂದು ನೋಡುವುದು ಕಷ್ಟದ ಕೆಲಸವಲ್ಲ.

ಬಸದಿಯ ಆಡಳಿತ ಮಂಡಳಿಗಳ ಮುಂದೆ ಇದು ಇನ್ನೊಂದು ರೂಪದಲ್ಲಿ ನಿಂತಿದೆ. ನೀರನ್ನು ದಪ್ಪ ಬಟ್ಟೆಯಲ್ಲಿ ಸೋಸಿ, ಬಟ್ಟೆಯಲ್ಲುಳಿದ ಜೀವಗಳನ್ನು ಸೋಸಿದ ನೀರಿನಿಂದಲೇ ತೊಳೆದು, ಎತ್ತಿದ ಬಾವಿಗೇ ನೋವಾಗದಂತೆ ಇಳಿಸಿ ಬಿಡುವುದು ಪೂರ್ವದ ಪದ್ಧತಿ. ಅಭಿಷೇಕಕ್ಕೂ ಮುನಿಗಳ ಆಹಾರಕ್ಕೂ ಬಾವಿಯ ನೀರನ್ನೇ ಬಳಸಬೇಕೆಂಬ ನಿಷ್ಠೆ ಅನೇಕ ಕಡೆ ಈಗಲೂ ಇದೆ. ಕೊಳವೆಬಾವಿಯಿಂದ ಮೇಲೆ ಬಂದ ಜೀವವನ್ನು ನೂರಾರು ಅಡಿ ಕೆಳಕ್ಕೆ ಮರಳಿಸುವ ಉಪಾಯವಿಲ್ಲ. ತೆರೆದ ಬಾವಿಯಲ್ಲಿ ನೀರು ನಿಲ್ಲಬೇಕಾದರೆ ಸುತ್ತಲಿನ ನೆಲ ಮಳೆಯನ್ನು ಕುಡಿಯಬೇಕು, ಮೇಲಿನ ಕೆರೆ ತುಂಬಬೇಕು. ನಿಗದಿತ ಅಳತೆಯ ನಿವೇಶನಗಳಲ್ಲಿ ಮಳೆನೀರಿನ ಸಂಗ್ರಹವನ್ನು 2009ರಲ್ಲಿಯೇ ಬೆಂಗಳೂರಿನಲ್ಲಿ ಕಡ್ಡಾಯಗೊಳಿಸಲಾಗಿದೆ. ಬಸದಿಯ ವಿಶಾಲವಾದ ಮಾಳಿಗೆಯ ಮೇಲೆ ಬೀಳುವ ಮಳೆ ಚರಂಡಿಗೆ ಹೋಗುತ್ತಿದೆಯೋ ಅಂಗಳದ ಹಳೆಯ ಬಾವಿಗೆ ಇಳಿಯುತ್ತಿದೆಯೋ ಎಂಬುದನ್ನು ಒಂದು ಮಳೆಗಾಲದ ಸಂಜೆ ನಿಂತು ನೋಡಿದರೆ ತಿಳಿಯುತ್ತದೆ.